ಚಳವಳಿ: ಒಂದು ಶಬ್ದವಿಚಾರ

ಶಬ್ದಗಳಿಗೂ ಕುಲಗೋತ್ರಗಳುಂಟು. ಕೆಲವು ಶಬ್ದಗಳು ಮನೆಯಲ್ಲಿಯೇ ಹುಟ್ಟಿ ಬೆಳೆದವು. ಕೆಲವು ನೆಂಟರಾಗಿ ಬಂದು ಮನೆಯವರೇ ಆದವು. ‘ಚಳವಳಿ’ಯೆಂಬುದು ಈ ಎರಡನೆಯ ಬಗೆಯದು. ಇದನ್ನು ಕೆಲವರು ‘ಚಳವಳಿ’ಯೆಂದೂ, ಕೆಲವರು ‘ಚಳುವಳಿ’ಯೆಂದೂ ಬರೆಯುವರು. ಒಂದೇ ಗ್ರಂಥದ ಒಂದೇ ಪುಟದಲ್ಲಿ ಎರಡು ರೂಪಗಳೂ ಕಾಣಸಿಗುವುದುಂಟು. ಇದನ್ನು ಕರಡು ತಿದ್ದುವವರ ಅಜಾಗರೂಕತೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಆ ಒಂದು ಉಕಾರದ ಹಿಂದೆ ಶಬ್ದದ ಚರಿತ್ರೆಯೇ ಅಡಗಿದೆ. ಆ ಚರಿತ್ರೆಯನ್ನು ತಿಳಿಯದೆ ಈ ಶಬ್ದವನ್ನು ಎಲ್ಲೆಂದರಲ್ಲಿ ಪ್ರಯೋಗಿಸುತ್ತಿರುವುದರಿಂದ ಸಾಹಿತ್ಯವಿಮರ್ಶೆಗೂ ನಾಡಿನ ಇತಿಹಾಸಕ್ಕೂ ಸ್ವಲ್ಪ ಹಾನಿಯೇ ಆಗಿದೆ.

ಮೊದಲು ಧಾತುವಿನ ವಿಚಾರ. ಸಂಸ್ಕೃತದಲ್ಲಿ ಗತಿಯನ್ನು ಹೇಳುವ ಧಾತುಗಳಿಗೆ ಬರವಿಲ್ಲ. ಗಮ್, ಚರ್, ಯಾ, ಇಣ್, ಸೃ ಮುಂತಾದುವೆಲ್ಲ ಹೋಗುವಿಕೆಯನ್ನೇ ಹೇಳುತ್ತವೆ. ಗತ್ಯರ್ಥಕಗಳಾದ ಧಾತುಗಳೆಲ್ಲ ಜ್ಞಾನಾರ್ಥಕಗಳೂ ಹೌದೆಂದು ವೈಯಾಕರಣರು ಒಪ್ಪಿರುವರು. ಅಧಿಗಮ, ಅವಗಮ, ಆಗಮ, ನಿಗಮ ಎಂಬ ಶಬ್ದಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಆದರೆ ‘ಚಲ್’ ಧಾತುವಿಗೆ ಈ ಭಾಗ್ಯವಿಲ್ಲ. ಧಾತುಪಾಠವು ಅದಕ್ಕೆ ಕೊಟ್ಟ ಅರ್ಥ ಕಂಪನವೇ ಹೊರತು ಗಮನವಲ್ಲ. ಚಲಿಸುವುದು ಮುಂದಕ್ಕೆ ಹೋಗಬೇಕೆಂಬ ನಿಯಮವಿಲ್ಲ, ನಿಂತಲ್ಲಿಯೇ ಅಲುಗಾಡಬಹುದು. ಚಂಚಲ, ವಿಚಲಿತ, ಚಲಚಿತ್ತ ಎಂಬ ಶಬ್ದಗಳಲ್ಲಿ ನಿಂದೆಯ ವಾಸನೆಯೇ ಇರುವುದು. ಪರ್ವತವು ಅಚಲವಾದುದರಿಂದ ಪೂಜ್ಯವಾಯಿತು. ಲಕ್ಷ್ಮಿಯು ಚಲೆಯಾದುದರಿಂದ ಕವಿಗಳ ಬಯ್ಗುಳಕ್ಕೆ ಗುರಿಯಾದಳು. ನಮ್ಮ ತಾರ್ಕಿಕರು ಮಾತ್ರ ಈ ಪಕ್ಷಪಾತಕ್ಕೆ ಒಳಗಾಗಲಿಲ್ಲ. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಕರ್ಮವೆಂಬ ಪದಾರ್ಥವು ಚಲನಸ್ವರೂಪವುಳ್ಳದ್ದೆಂದು ನಿರೂಪಿತವಾಗಿ, ಉತ್ಕ್ಷೇಪಣ, ಅವಕ್ಷೇಪಣ, ಆಕುಂಚನ, ಪ್ರಸಾರಣ, ಗಮನವೆಂದು ಐದು ವಿಧವಾಗಿ ವಿಭಾಗಗೊಂಡಿದೆ. ಅಲ್ಲಿ ಗಮನವು ಐದನೆಯದು ಮಾತ್ರ. ಎತ್ತುವುದು, ಇಳಿಸುವುದು, ಮುದುಡುವುದು, ಹರಡುವುದು ಇವೂ ಚಲನವೇ. ಈ ವಿಭಾಗವನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುವುದು.

ಇಂಥ ಅಲುಗಾಟದ ಧಾತುವಿನಿಂದ ಹುಟ್ಟಿದ ಶಬ್ದವು ದೇಶದ ಪರಮಗೌರವದ ಕಾರ್ಯಕ್ಕೆ ಹೆಸರಾದುದು ಹೇಗೆ? ಉತ್ತರವು ಮಹಾರಾಷ್ಟ್ರದ ಕಡೆಯಿಂದ ಬರುತ್ತದೆ. ಮರಾಠಿಯಲ್ಲಿ ‘ಚಳವಳ’ವೆಂಬ ಶಬ್ದವುಂಟು. ಅಲುಗಾಟ, ಓಡಾಟ, ಚಟುವಟಿಕೆ ಎಂಬ ಸಾಮಾನ್ಯಾರ್ಥದಿಂದ ಹೊರಟು, ಲೋಕಮಾನ್ಯ ಟಿಳಕರ ಕಾಲಕ್ಕೆ ಅದು ಜನರು ಒಂದಾಗಿ ಒಂದು ಉದ್ದೇಶಕ್ಕಾಗಿ ಮಾಡುವ ರಾಜಕೀಯ ಉದ್ಯಮವೆಂಬ ಅರ್ಥವನ್ನು ಪಡೆಯಿತು. 1881ರಲ್ಲಿ ಪುಣೆಯಲ್ಲಿ ಆರಂಭವಾದ ‘ಕೇಸರಿ’ಯನ್ನು ಮುಂಬಯಿ ಕರ್ನಾಟಕದ ವಿದ್ಯಾವಂತರು ಆಸಕ್ತಿಯಿಂದ ಓದುತ್ತಿದ್ದರು. ಅಲ್ಲಿಯ ಕನ್ನಡಿಗರಿಗೆ ಮರಾಠಿಯು ಶಾಲೆಯ ಭಾಷೆಯೂ ಕಚೇರಿಯ ಭಾಷೆಯೂ ಆಗಿದ್ದ ಕಾಲವೊಂದಿತ್ತು. ಅದರ ಹಿಡಿತದಿಂದ ಕನ್ನಡವನ್ನು ಬಿಡಿಸಲು 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ವಿನೋದವೆಂದರೆ, ಮರಾಠಿಯ ಪ್ರಾಬಲ್ಯವನ್ನು ಎದುರಿಸಿದ ಆ ಕಾರ್ಯಕ್ಕೂ ಇಂದಿನವರು ಕೊಡುವ ಹೆಸರು ಮರಾಠಿಯಿಂದ ಬಂದ ಚಳವಳಿಯೇ!

ಶಬ್ದವು ಗಡಿ ದಾಟಿ ಬಂದಾಗ ಅದಕ್ಕೆ ಕೊನೆಯಲ್ಲಿ ಇಕಾರವು ಸೇರಿಕೊಂಡಿತು. ಇದು ಸಣ್ಣ ಬದಲಾವಣೆಯೆಂದು ತೋರಿದರೂ ಅದರ ಫಲವು ದೊಡ್ಡದು. ಏಕೆಂದರೆ ಕನ್ನಡದಲ್ಲಿ ‘ವಳಿ’ಯೆಂದು ಕೊನೆಗೊಳ್ಳುವ ಶಬ್ದಗಳ ಒಂದು ಒಕ್ಕಲೇ ಮೊದಲಿನಿಂದ ಇದ್ದಿತು. ಹಿಡುವಳಿ, ಹುಟ್ಟುವಳಿ, ನಡವಳಿ, ಸಾಗುವಳಿ ಇವೆಲ್ಲ ರೈತನ ಮತ್ತು ಶಾನುಭೋಗನ ಬಾಯಲ್ಲಿ ದಿನವೂ ಹೊರಳುವ ಮಾತುಗಳು. ಪರಊರಿನಿಂದ ಬಂದ ಚಳವಳಿಯು ಈ ಪಂಕ್ತಿಯಲ್ಲಿ ಕುಳಿತು ಊಟಮಾಡಿತು. ಪಂಕ್ತಿಯವರ ಗುಣವು ಅದಕ್ಕೂ ಹತ್ತಿತು. ಹಿಡುವಳಿ, ಸಾಗುವಳಿಗಳಲ್ಲಿ ಉಕಾರವಿರುವುದನ್ನು ಕೇಳಿ ಬಲ್ಲ ಕನ್ನಡದ ಕಿವಿಯು ಇದನ್ನೂ ಚಳುವಳಿಯೆಂದು ತಿದ್ದಿಕೊಂಡಿತು. ಶುದ್ಧರೂಪವು ಯಾವುದೆಂದು ಕೇಳಿದರೆ ಮೂಲಕ್ಕೆ ಹತ್ತಿರವಾದ ‘ಚಳವಳಿ’ಯೇ ಎನ್ನಬೇಕು. ಆದರೆ ‘ಚಳುವಳಿ’ಯು ಕೇವಲ ತಪ್ಪಲ್ಲ, ಅದು ಜನರು ಶಬ್ದವನ್ನು ತಮ್ಮದಾಗಿಸಿಕೊಂಡುದಕ್ಕೆ ಸಾಕ್ಷಿ. (ಹಾವಳಿಯೆಂಬ ಶಬ್ದವೂ ಕಿವಿಗೆ ಹಾಗೆಯೇ ಕೇಳಿಸುವುದರಿಂದ, ಚಳವಳಿಯೆಂದರೆ ಹಾವಳಿಯೆಂದೇ ತಿಳಿದ ಅಧಿಕಾರಿಗಳು ಎಲ್ಲ ಕಾಲದಲ್ಲಿಯೂ ಇದ್ದಾರೆ.)

ಸಾಗುವಳಿಯೆಂಬ ಶಬ್ದವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸಾಗು ಎಂದರೆ ಮುಂದೆ ಹೋಗು. ಹೊಲ ಗದ್ದೆ ತೋಟಗಳು ಇದ್ದಲ್ಲಿಯೇ ಇರುವ ವಸ್ತುಗಳು. ಅವುಗಳಲ್ಲಿ ಸಾಗುವುದು ಯಾವುದು? ಕೆಲಸವು ಸಾಗುವುದು. ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿರುವ ಚೆಟ್ಟಳ್ಳಿಯ ಸುತ್ತಿನ ಕಾಫಿ ತೋಟಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೂಮಳೆ, ನೆರಳು ತೆಗೆಯುವುದು, ಕಳೆ, ಗೊಬ್ಬರ, ಹಣ್ಣು ಬಿಡಿಸುವುದು, ಕಣದಲ್ಲಿ ಒಣಗಿಸುವುದು, ಮತ್ತೆ ಕಸಿ, ಹೀಗೆ ವರ್ಷವು ತಿರುಗುತ್ತದೆ. ಗಿಡವು ಅಲುಗಾಡುವುದಿಲ್ಲ, ತೋಟವು ಮಾತ್ರ ಸಾಗುತ್ತದೆ. ಕನ್ನಡದ ಒಕ್ಕಲಿಗನು ಚಲನವನ್ನು ಅಲುಗಾಟದಿಂದ ಬೇರ್ಪಡಿಸಿ ಕಂಡಿದ್ದನೆಂಬುದಕ್ಕೆ ಈ ಒಂದು ಶಬ್ದವೇ ಸಾಲದೆ? ನಡವಳಿಯೂ ಹಾಗೆಯೇ. ನಡೆಯೆಂಬ ಕಾಲಿನ ಕೆಲಸದಿಂದ ಹೊರಟು ನಡತೆ, ನಡವಳಿಕೆ, ನಡೆನುಡಿ, ಸಭೆಯ ನಡಾವಳಿ ಎಂಬಲ್ಲಿಯವರೆಗೆ ಆ ಧಾತುವು ಬೆಳೆದಿದೆ. ಚದುರಂಗದ ಕಾಯಿಗೂ ನಡೆಯುಂಟು, ದೊರೆಯ ಆಜ್ಞೆಗೂ ನಡೆಯುಂಟು.

ಇದೇ ಪ್ರಶ್ನೆಯನ್ನು ಜಪಾನೀಯರು ಬೇರೆ ರೀತಿಯಲ್ಲಿ ಬಿಡಿಸಿಕೊಂಡರು. ಅವರಲ್ಲಿ ‘ಉಂದೋ’ ಎಂಬ ಶಬ್ದವಿದೆ. ಚೀನೀ ಲಿಪಿಯ ಎರಡು ಅಕ್ಷರಗಳಿಂದಾದುದು. ಮೊದಲನೆಯದಕ್ಕೆ ಹೊತ್ತು ಸಾಗಿಸುವುದೆಂದೂ, ಎರಡನೆಯದಕ್ಕೆ ಅಲುಗುವುದೆಂದೂ ಅರ್ಥ. ಮೊದಲನೆಯ ಅಕ್ಷರಕ್ಕೇ ಅದೃಷ್ಟವೆಂಬ ಅರ್ಥವೂ ಇದೆಯೆಂಬುದು ಕನ್ನಡಿಗರಿಗೆ ಆಶ್ಚರ್ಯವಾಗಲಾರದು. ‘ಗತಿ’ಯೆಂದರೆ ನಡಗೆಯೂ ಹೌದು, ‘ಅವನ ಗತಿಯೇನು’ ಎಂದು ಕೇಳುವಾಗ ಹಣೆಬರಹವೂ ಹೌದಲ್ಲವೆ? ಅವರಿಗೆ ದೇಶ್ಯವಾದ ‘ಉಗೊಕಿ’ಯೆಂಬ ಇನ್ನೊಂದು ಶಬ್ದವೂ ಇದೆ, ನಮಗೆ ನಡೆಯಿರುವಂತೆ. ಮೇಜಿ ಯುಗದಲ್ಲಿ ಪಾಶ್ಚಾತ್ಯ ವಿದ್ಯೆಗಳು ಆ ದೇಶಕ್ಕೆ ನುಗ್ಗಿದಾಗ, ಭೌತಶಾಸ್ತ್ರದ ಚಲನಕ್ಕೂ, ದೇಹದ ವ್ಯಾಯಾಮಕ್ಕೂ, ರಾಜಕೀಯದ ಚಳವಳಿಗೂ ಅವರು ಈ ‘ಉಂದೋ’ ಒಂದನ್ನೇ ನಿಯೋಗಿಸಿದರು. ಇಂದಿಗೂ ನ್ಯೂಟನ್ನನ ಚಲನನಿಯಮಗಳೂ ‘ಉಂದೋ’, ವೈದ್ಯನು ಮಾಡೆಂದು ಹೇಳುವ ಅಂಗಸಾಧನೆಯೂ ‘ಉಂದೋ’, ಚುನಾವಣೆಯ ಪ್ರಚಾರವೂ ‘ಉಂದೋ’; ಶಾಲಾ ಮಕ್ಕಳ ಆಟೋಟದ ದಿನವು ‘ಉಂದೋಕೈ’.

ಇದರಿಂದ ಒಂದು ಸ್ವಾರಸ್ಯವಾದ ಸಂಗತಿಯು ನಡೆಯಿತು. 1874ರ ಆರಂಭದಲ್ಲಿ ಇತಾಗಾಕಿ ತೈಸುಕೆ ಮೊದಲಾದವರು ಪ್ರಜಾಪ್ರತಿನಿಧಿ ಸಭೆ ಬೇಕೆಂದು ಸರಕಾರಕ್ಕೆ ಮನವಿಯನ್ನು ಒಪ್ಪಿಸಿದರು. ಸ್ವಾತಂತ್ರ್ಯ ಮತ್ತು ಜನಾಧಿಕಾರಗಳ ‘ಉಂದೋ’ ಎಂದು ಪ್ರಸಿದ್ಧವಾದುದು ಅಲ್ಲಿಂದ ಬೆಳೆಯಿತು. ಅದೇ ವರ್ಷದಲ್ಲಿಯೇ ತೋಕಿಯೋವಿನ ತ್ಸುಕಿಜಿಯ ನೌಕಾ ವಿದ್ಯಾಲಯದಲ್ಲಿ ಇಂಗ್ಲಿಷ್ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಓಟದ ಪಂದ್ಯಗಳು ನಡೆದವು. ಅವಕ್ಕೆ ಆಗ ಬೇರೆ ಹೆಸರಿತ್ತು, ‘ಉಂದೋಕೈ’ ಎಂಬುದು ಅನಂತರ ರೂಢಿಯಾಯಿತು. 1880ರಲ್ಲಿ ಸಭೆಗಳನ್ನು ನಿರ್ಬಂಧಿಸುವ ಕಾನೂನು ಬಂದಾಗ, ಜನಾಧಿಕಾರಪಕ್ಷದ ತರುಣರು ಬಯಲಿನಲ್ಲಿ ‘ಉಂದೋಕೈ’ಯೆಂಬ ಹೆಸರಿನಿಂದ ನೆರೆದು, ಹಗ್ಗ ಜಗ್ಗುವುದು, ಧ್ವಜ ಕಸಿಯುವುದು ಮುಂತಾದ ಆಟಗಳ ನಡುವೆ ತಮ್ಮ ರಾಜಕೀಯವನ್ನು ಸಾರಿದರು. ಹೆಸರಿನ ಆಸರೆಯಲ್ಲಿ ಆಟವೂ ರಾಜಕೀಯವೂ ಒಂದೇ ಬಯಲಿನಲ್ಲಿ ನಿಂತವು. ಶ್ಲೇಷೆಯು ಕಾವ್ಯದಲ್ಲಿ ಮಾತ್ರ ಕೆಲಸಮಾಡುವುದೆಂದು ತಿಳಿದ ಆಲಂಕಾರಿಕರು ಇದನ್ನು ಗಮನಿಸಬೇಕು.

ಕನ್ನಡದಲ್ಲಿ ಇಂಥದು ಆಗಲಾರದು. ಕೊಡಗಿನಲ್ಲಿಯೇ ನೋಡಿದರೆ, 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾಟವು ಸಾವಿರಾರು ಜನರನ್ನು ಒಂದುಗೂಡಿಸುವ ದೊಡ್ಡ ಉದ್ಯಮವೇ ಆಗಿ ಬೆಳೆದಿದೆ. ಜಪಾನೀಯನು ಅದನ್ನು ಎರಡು ಅರ್ಥದಲ್ಲಿಯೂ ‘ಉಂದೋ’ ಎನ್ನಬಹುದು. ಕನ್ನಡಿಗನು ಹಾಕಿಯ ಹಬ್ಬವೆನ್ನುವನೇ ಹೊರತು ಚಳವಳಿಯೆನ್ನನು. ಕೊಡವ ಭಾಷೆಯಲ್ಲಿ ಕುಣಿತಕ್ಕೂ ಕ್ರೀಡೆಗೂ ‘ಆಟ್’ ಎಂಬ ಒಂದೇ ಶಬ್ದವುಂಟು: ಉಮ್ಮತ್ತಾಟ್, ಬೊಳಕಾಟ್, ಕತ್ತಿಯಾಟ್. ಅದು ಬೇರೊಂದು ದಿಕ್ಕಿನ ವಿಸ್ತಾರ. ಇನ್ನು ತೋಟದ ಪಕ್ಕದ ಕಾಡಿನಿಂದ ಬರುವ ಆನೆಗೆ ಜನರು ‘ಓಡಾಟ’ವೆಂದೂ, ಅರಣ್ಯ ಇಲಾಖೆಯವರು ‘ಸಂಚಾರ’ವೆಂದೂ, ಪತ್ರಿಕೆಯವರು ‘ಚಲನವಲನ’ವೆಂದೂ ಹೇಳುವರು. ಇಂಗ್ಲಿಷಿನಲ್ಲಿ ಈ ಎಲ್ಲಕ್ಕೂ ‘ಮೂವ್‌ಮೆಂಟ್’ ಒಂದೇ. ಕನ್ನಡವು ಹೀಗೆ ಹಂಚಿಕೊಂಡುದು ಲಾಭವೇ. ಚಳವಳಿಯೆಂಬುದನ್ನು ಮನುಷ್ಯರ ಕೂಡಿದ ಸಂಕಲ್ಪಕ್ಕೆ ಮಾತ್ರ ಮೀಸಲಿಟ್ಟು, ಅದರ ಅರ್ಥವನ್ನು ನಮ್ಮ ಭಾಷೆ ಬಿಗಿಮಾಡಿತು.

ಬಿಗಿಮಾಡಿದವರು ಮುಖ್ಯವಾಗಿ ಗಾಂಧೀಯುಗದವರು. 1920ರ ಅಸಹಕಾರ ಚಳವಳಿ, 1930ರಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹ, ಅನಂತರದ ಕರನಿರಾಕರಣೆಯ ಚಳವಳಿ, ಕೊನೆಗೆ 1942ರ ಚಲೇಜಾವ್ ಚಳವಳಿ. ಈ ಕೊನೆಯ ಹೆಸರಿನಲ್ಲಿ ಒಂದೇ ಧಾತುವು ಎರಡು ಸಲ ಬಂದಿದೆಯೆಂಬುದನ್ನು ಎಷ್ಟು ಜನರು ಗಮನಿಸಿದ್ದಾರೋ ತಿಳಿಯದು. ಪರರು ಚಲಿಸಿ ಹೊರಟುಹೋಗಲೆಂದು ನಾವು ಚಲಿಸಿದೆವು! ಆದರೆ ಇಲ್ಲಿಯೇ ಒಂದು ವಿರೋಧಾಭಾಸವುಂಟು. ಈ ಚಳವಳಿಗಳ ಬಲವಾದ ಆಯುಧಗಳೆಲ್ಲ ಚಲಿಸದಿರುವ ಆಯುಧಗಳು. ಕಚೇರಿಗೆ ಹೋಗದಿರುವುದು, ತೆರಿಗೆ ಕೊಡದಿರುವುದು, ಉಣ್ಣದಿರುವುದು, ಕುಳಿತ ಸ್ಥಳದಿಂದ ಏಳದಿರುವುದು. 1934ರಲ್ಲಿ ಗಾಂಧೀಜಿಯವರು ಹರಿಜನ ನಿಧಿಗಾಗಿ ಕೊಡಗಿಗೆ ಬಂದಾಗ, ಕಥೆಗಾರ್ತಿಯಾದ ಕೊಡಗಿನ ಗೌರಮ್ಮನವರು ತಮ್ಮ ಮನೆಗೆ ಅವರು ಬರಬೇಕೆಂದು ಉಪವಾಸ ಕುಳಿತರು. ಗಾಂಧೀಜಿ ಬಂದರು, ಆಕೆ ತಮ್ಮ ಒಡವೆಗಳನ್ನು ನಿಧಿಗೆ ಅರ್ಪಿಸಿದರು. ಒಬ್ಬ ಗೃಹಿಣಿ ಮನೆಯೊಳಗೆ ಕದಲದೆ ಕುಳಿತುದರಿಂದ ದೇಶವನ್ನೇ ನಡೆಸುತ್ತಿದ್ದವರ ನಡೆಯು ಅತ್ತ ತಿರುಗಿತು. 1983ರಲ್ಲಿ ಶಿರಸಿಯ ಸೀಮೆಯ ಸಾಲ್ಕಣಿಯ ಜನರು ಕೊಡಲಿಗೆ ಅಡ್ಡವಾಗಿ ಮರಗಳನ್ನು ತಬ್ಬಿ ನಿಂತುದನ್ನು ‘ಅಪ್ಪಿಕೋ ಚಳವಳಿ’ ಎನ್ನುವರು. ಅಲ್ಲಿ ಚಲಿಸಿದುದು ಏನು? ಮರವೂ ಚಲಿಸಲಿಲ್ಲ, ಮರವನ್ನು ಅಪ್ಪಿದವರೂ ಚಲಿಸಲಿಲ್ಲ. ತಾರ್ಕಿಕರ ಪಂಚವಿಧ ಕರ್ಮದಲ್ಲಿ ಅಪ್ಪಿಕೊಳ್ಳುವ ಕೈಗಳ ಪ್ರಸಾರಣವೊಂದು ಮಾತ್ರ ಇಲ್ಲಿ ಹೊಂದುವುದು. ಪಂಪನು ದುರ್ಯೋಧನನಿಗೆ ಹೊಂದಿಸಿದ ‘ಚಲ’ವೆಂಬ ಗುಣವು, ಹಿಡಿದುದನ್ನು ಬಿಡದ ಹಠವು, ಈ ಚಲನಕ್ಕೆ ವ್ಯುತ್ಪತ್ತಿಯಿಂದ ಏನೂ ಆಗಬೇಕಾದುದಲ್ಲ. ಆದರೂ ಚಳವಳಿಯೆಂದಾಗ ಕನ್ನಡಿಗನ ಕಿವಿಯಲ್ಲಿ ಆ ಚಲದ ಮಾರ್ದನಿಯೂ ಇದ್ದೀತೆಂದು ತೋರುತ್ತದೆ.

ಇಷ್ಟು ಬಿಗಿಯಾದ ಅರ್ಥವುಳ್ಳ ಶಬ್ದವನ್ನು ಸಾಹಿತ್ಯ ಚರಿತ್ರಕಾರರು ಬಹಳ ಸಡಿಲವಾಗಿ ಬಳಸಿರುವರು. ಐದಾರು ಮಂದಿ ಲೇಖಕರು ಒಂದು ಪತ್ರಿಕೆಯ ಸುತ್ತ ಸೇರಿದರೆ ಚಳವಳಿ. ಒಂದು ಛಂದಸ್ಸು ಹೋಗಿ ಇನ್ನೊಂದು ಬಂದರೆ ಚಳವಳಿ. ಪ್ರಗತಿಶೀಲರಿಗೆ ಈ ಹೆಸರು ಸಲ್ಲುವುದು, ಏಕೆಂದರೆ ಅವರು ಸಂಘಟಿತರಾಗಿ ಒಂದು ಸಾಮಾಜಿಕ ಉದ್ದೇಶವನ್ನು ಘೋಷಿಸಿದ್ದರು. 1979ರ ಬಂಡಾಯ ಸಾಹಿತ್ಯ ಸಂಘಟನೆಗೂ ಸಲ್ಲುವುದು. ನವ್ಯಕ್ಕೆ ಸಲ್ಲುವುದೆ? ನವ್ಯರ ಅಗ್ರೇಸರರಾದ ಗೋಪಾಲಕೃಷ್ಣ ಅಡಿಗರು 1952ರಲ್ಲಿ ತಮ್ಮ ಕವನಸಂಗ್ರಹಕ್ಕೆ ಇಟ್ಟ ಹೆಸರು ‘ನಡೆದು ಬಂದ ದಾರಿ’. ಧಾರವಾಡದ ಮನೋಹರ ಗ್ರಂಥಮಾಲೆಯು ಹೊಸಗನ್ನಡ ಸಾಹಿತ್ಯವನ್ನು ಸಿಂಹಾವಲೋಕನ ಮಾಡಿದ ತನ್ನ ಸಂಪುಟಗಳಿಗೂ ಇದೇ ಹೆಸರನ್ನಿಟ್ಟಿತು. ಸಾಹಿತ್ಯವು ತನ್ನ ಚಲನವನ್ನು ತಾನೇ ಹೆಸರಿಸುವಾಗ ನಡೆಯೆಂಬ ದೇಶ್ಯಶಬ್ದವನ್ನು ಆರಿಸಿಕೊಂಡಿತೆಂಬುದು ವಿಮರ್ಶಕರಿಗೆ ಸೂಚನೆಯಾಗಬೇಕಿತ್ತು. ಪದ್ಯಕ್ಕೆ ನಡೆಯುಂಟು, ರಗಳೆಗಳಲ್ಲಿ ಉತ್ಸಾಹ, ಮಂದಾನಿಲ, ಲಲಿತವೆಂದು ಹೆಸರಿಟ್ಟವರು ಗಣಗಳನ್ನು ಎಣಿಸಿದುದಷ್ಟೇ ಅಲ್ಲದೆ ಅವುಗಳ ನಡಗೆಯ ಗುಣವನ್ನೂ ಗುರುತಿಸಿದರು.

ಇದಕ್ಕಿಂತಲೂ ಹೆಚ್ಚು ಯೋಚಿಸತಕ್ಕುದು ಹನ್ನೆರಡನೆಯ ಶತಮಾನದ ವಿಚಾರ. ಬಸವಣ್ಣನವರು ಮತ್ತು ಅವರ ಸಂಗಡಿಗರ ಕಾರ್ಯವನ್ನು ‘ವಚನ ಚಳವಳಿ’ಯೆಂದು ಕರೆಯುವುದು ಈಗ ಪಾಠಪುಸ್ತಕದ ರೂಢಿ. ಸಂಘಟಿತವಾದ ಸಾಮಾಜಿಕ ಉದ್ಯಮವೆಂಬುದನ್ನು ಅದು ಚೆನ್ನಾಗಿ ಹೇಳುವುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಶರಣರೇ ಚಲನವನ್ನು ಕುರಿತು ಒಂದು ಶಬ್ದವನ್ನು ಜಗತ್ತಿಗೆ ಕೊಟ್ಟಿದ್ದರು. ಅದು ‘ಜಂಗಮ’. ಗಮ್ ಧಾತುವನ್ನು ದ್ವಿತ್ವಮಾಡಿ ಪೌನಃಪುನ್ಯದ ಅರ್ಥದಲ್ಲಿ ಸಾಧಿಸಿದ ರೂಪವಿದು; ಮತ್ತೆಮತ್ತೆ ಹೋಗುವವನು, ಹೋಗುತ್ತಲೇ ಇರುವವನು ಎಂದರ್ಥ. ಸಂಸ್ಕೃತದಲ್ಲಿ ಸ್ಥಾವರ ಜಂಗಮಗಳೆಂದರೆ ಕೇವಲ ವಸ್ತುಗಳ ವಿಭಾಗ. ಶರಣರು ಆ ಶುಷ್ಕ ವಿಭಾಗದಲ್ಲಿ ಪ್ರಾಣವನ್ನು ತುಂಬಿ, ಕಟ್ಟಿದ ಗುಡಿಯು ಸ್ಥಾವರ, ನಡೆದಾಡುವ ದೇಹ ಮತ್ತು ಅದರೊಳಗಿನ ಅರಿವು ಜಂಗಮವೆಂದು ಹೇಳಿ ಇಡೀ ಮತವಿಚಾರವನ್ನೇ ತಿರುಗಿಸಿದರು. ಗಮ್ ಧಾತುವು ಜ್ಞಾನವನ್ನೂ ಹೇಳುವುದೆಂಬ ವೈಯಾಕರಣರ ಮಾತು ಇಲ್ಲಿ ಪೂರ್ಣವಾಗಿ ಸಾರ್ಥಕವಾಯಿತು. ಇಂಥ ಶಬ್ದವು ಮನೆಯಲ್ಲಿರುವಾಗ, ಕಂಪನಾರ್ಥದ ಧಾತುವಿನಿಂದ ಬಂದ ಶಬ್ದದ ಅಡಿಯಲ್ಲಿ ಅವರನ್ನು ಕುಳ್ಳಿರಿಸಿ, ವಿದ್ಯಾರ್ಥಿಗಳಿಗೆ ಜಂಗಮದ ಅರ್ಥವನ್ನು ಅಡಿಟಿಪ್ಪಣಿಯಲ್ಲಿ ಹೇಳುವುದು ಉಚಿತವಲ್ಲ.

ಕೊಡಗಿನವರಿಗೆ ಇನ್ನೂ ಹತ್ತಿರದ ಒಂದು ನಿದರ್ಶನವಿದೆ. ಅದರಲ್ಲಿ ಹೆಸರಿನ ಪ್ರಶ್ನೆಯು ಮಾನದ ಪ್ರಶ್ನೆಯಾಗಿದೆ. 1834ರಲ್ಲಿ ಕಂಪೆನಿ ಸರಕಾರವು ಚಿಕವೀರ ರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತನ್ನದಾಗಿಸಿಕೊಂಡಿತು. ಅಮರ ಸುಳ್ಯ ಮತ್ತು ಪುತ್ತೂರಿನ ಮಾಗಣೆಗಳನ್ನು ಕೊಡಗಿನಿಂದ ಕಿತ್ತು ಕನ್ನಡ ಜಿಲ್ಲೆಗೆ ಸೇರಿಸಲಾಯಿತು. ಅಲ್ಲಿಯ ರೈತರು ಮೊದಲು ಧಾನ್ಯರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕಾಯಿತು. ಕೈಯಲ್ಲಿ ಬತ್ತವಿದ್ದು ಹಣವಿಲ್ಲದ ರೈತನಿಗೆ ಇದು ಕುತ್ತಿಗೆಗೆ ಬಂದ ಹಗ್ಗ. 1837ರ ಮಾರ್ಚ್ ಕೊನೆಯಲ್ಲಿ ಜನರು ಎದ್ದರು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯಗೌಡ ಮೊದಲಾದವರ ಮುಂದಾಳುತನದಲ್ಲಿ ಸುಳ್ಯದ ಕಡೆಯಿಂದ ಹೊರಟ ದಂಡು ದಾರಿಯ ಊರುಗಳ ಜನರನ್ನು ಕೂಡಿಸಿಕೊಳ್ಳುತ್ತ ನಡೆದು, ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದು ಬಾವುಟಗುಡ್ಡದ ಮೇಲೆ ತನ್ನ ಧ್ವಜವನ್ನೇರಿಸಿತು. ಸುಮಾರು ಎರಡು ವಾರ ಪಟ್ಟಣವು ಅವರ ಕೈಯಲ್ಲಿದ್ದಿತು. ಅನಂತರ ಸೈನ್ಯವು ಬಂದಿತು, ನೇಣುಗಂಬಗಳು ನೆಟ್ಟವು.

ಇದಕ್ಕೆ ಇಂಗ್ಲಿಷರು ಕೊಟ್ಟ ಹೆಸರು ದಂಗೆ. ಕರಾವಳಿಯ ಜನರ ಬಾಯಲ್ಲಿ ಉಳಿದುದು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿಯೆಂದರೆ ಸೂರೆ. ಗೆದ್ದವರ ಮಾತು ಸೋತವರ ಮೊಮ್ಮಕ್ಕಳ ಬಾಯಿಗೂ ಹೇಗೆ ಬರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಈ ಕಾಲದ ಇತಿಹಾಸಕಾರರು ಅದನ್ನು ತಿದ್ದಿ ಸ್ವಾತಂತ್ರ್ಯ ಹೋರಾಟವೆಂದರು. ಕೆಲವರು ರೈತ ಚಳವಳಿಯೆಂದೂ ಬರೆಯುವರು. ಹೋರಾಟವೆಂಬುದು ನಿಲ್ಲುವ ಮಾತು. ಚಳವಳಿಯೆಂಬುದು ನಿಲ್ಲದು, ಏಕೆಂದರೆ ಆ ಶಬ್ದಕ್ಕೆ ಈಗ ಅಂಟಿರುವ ಸಭೆ, ಠರಾವು, ಮನವಿ, ಪತ್ರಿಕೆ, ಜೈಲು ಇವಾವುವೂ 1837ರವರಿಗೆ ಗೊತ್ತಿರಲಿಲ್ಲ. ಅವರಲ್ಲಿದ್ದುದು ಕತ್ತಿ ಕೋವಿಗಳು, ರಾಜಮನೆತನದ ಒಂದು ಹೆಸರು, ಮತ್ತು ಕಾಲುಗಳು. ನಿರಂಜನರು ‘ಕಲ್ಯಾಣಸ್ವಾಮಿ’ಯೆಂಬ ಕಾದಂಬರಿಯನ್ನು ಬರೆಯುವಾಗ ಯಾವ ಭಾವವಾಚಕವನ್ನೂ ತಲೆಬರಹಕ್ಕೆ ತರದೆ ಮನುಷ್ಯನ ಹೆಸರನ್ನೇ ಇಟ್ಟುದು ಕವಿಗೆ ತಕ್ಕ ವಿವೇಕ.

2022ರಲ್ಲಿ ಬಾವುಟಗುಡ್ಡದಲ್ಲಿ ರಾಮಯ್ಯಗೌಡರ ಪ್ರತಿಮೆಯು ನಿಂತಿತು. ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದುದು 1837ರ ಅಕ್ಟೋಬರ್ 31ರಂದು. ಈ ಸಂಗತಿಗಳನ್ನು ಶಾಲೆಯ ಮಕ್ಕಳಿಗೆ ಬರೆದುಕೊಡುವವರು ಯಾವ ಶಬ್ದವನ್ನು ಬಳಸಬೇಕೆಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ‘ಸುಳ್ಯದಿಂದ ಮಂಗಳೂರಿಗೆ ನಡೆದ ದಂಡು’ ಎಂದು ಬರೆದರೆ ಅದರಲ್ಲಿ ಹೆಚ್ಚಿನದೂ ಇಲ್ಲ, ಕಡಿಮೆಯದೂ ಇಲ್ಲ. ಉಳಿದುದನ್ನು ಉಪಾಧ್ಯಾಯರು ಭೂಪಟವನ್ನು ಬಿಡಿಸಿಟ್ಟು ಬೆಳ್ಳಾರೆ, ಪುತ್ತೂರು, ಪಾಣೆಮಂಗಳೂರುಗಳ ಮೇಲೆ ಬೆರಳಿಟ್ಟು ತೋರಿಸಲಿ.